ಹಳದಿ ಹೂವಿನ ಮಾಸ್ಕ್

"ಜಿರಾಫೆಗೆ ಮಾಸ್ಕ್ ಹಾಕ್ಬೇಕಂದ್ರೆ ಏಣಿ ಬೇಕಾಗುತ್ತೆ ಕಣೇ ಪುಟ್ಟಿ," ಎಂದು ಅಜ್ಜಿ ನಗಿಸಲು ನೋಡುತ್ತಿದ್ದಾಗಲೇ ಪುಟ್ಟಿ ಅಪ್ಪನ ಕೈ ಕೊಸರಿಕೊಂಡು ಓಡಿದಳು. ಮೃಗಾಲಯದ ಬೇಲಿಯ ಆ ತುದಿಯಲ್ಲಿ ನಿಂತಿದ್ದ ಹೆಂಗಸೊಬ್ಬಳ ಸೊಂಟವನ್ನು ಗಟ್ಟಿಯಾಗಿ ತಬ್ಬಿಕೊಂಡಳು.

ಅಪ್ಪನಿಗೆ ಮೊದಲು ಕಂಡದ್ದು ಆಕೆಯ ಮಾಸ್ಕ್. ಬಿಳಿಯ ಮೇಲೆ ಹಳದಿ ಹೂವು, ಅಂಚಿಗೆ ಕೆಂಪು ದಾರದ ಜೋಡಿ ಹೊಲಿಗೆ. ಕೊರೋನಾ ಬಂದ ಬೇಸಿಗೆಯ ಆರಂಭದಲ್ಲಿ ಎಲ್ಲೂ ಮಾಸ್ಕ್ ಸಿಗದೆ ಹೋದಾಗ, ಟೈಲರ್ ಆಗಿದ್ದ ಅವನ ಹೆಂಡತಿ ಮಲಗುವ ಕೋಣೆಯ ಆ ಹಳದಿ ಹೂವಿನ ಪರದೆಯನ್ನೇ ಕತ್ತರಿಸಿ ಹೊಲಿದು ಕಂಡಕಂಡವರಿಗೆಲ್ಲ ಹಂಚಿದ್ದಳು. "ಕಿಟಕಿ ತೆರೆದಿದ್ರೂ ಪರವಾಗಿಲ್ಲ, ಜನರ ಬಾಯಿ ಮುಚ್ಚಿದ್ರೆ ಸಾಕು," ಎಂದು ನಕ್ಕಿದ್ದಳು. ತಾನೂ ಅದರಲ್ಲೊಂದನ್ನು ಹಾಕಿಕೊಂಡೇ ಆಂಬುಲೆನ್ಸ್ ಹತ್ತಿದವಳು ತಿರುಗಿ ಬರಲಿಲ್ಲ. ಆ ಕಿಟಕಿ ಇನ್ನೂ ಬೋಳಾಗಿಯೇ ಇತ್ತು.

"ಏಯ್, ದೂರ ದೂರ!" ಎಂದು ಹೌಹಾರಿದ ಹೆಂಗಸು, ಪುಟ್ಟಿಯ ಕಣ್ಣು ನೋಡಿ ಮೆತ್ತಗಾದಳು. ಓಡಿ ಬಂದ ಅಪ್ಪ, "ತಪ್ಪು ತಿಳ್ಕೋಬೇಡಿ ಮೇಡಂ, ಇವಳ ಅಮ್ಮ..." ಎಂದ. ಆಕೆಗೆ ಅಷ್ಟೇ ಸಾಕಾಯಿತು. ಮಾಸ್ಕನ್ನು ಗದ್ದದವರೆಗೆ ಇಳಿಸಿ, "ನೋಡು ಕಂದಾ, ನಾನು ನಿಮ್ಮಮ್ಮ ಅಲ್ಲ," ಎಂದಳು.

"ಗೊತ್ತು ಆಂಟಿ," ಎಂದಳು ಪುಟ್ಟಿ, ತಬ್ಬಿದ ಕೈ ಸಡಿಲಿಸದೆ. "ಅದನ್ನ ಮತ್ತೆ ಹಾಕ್ಕೊಳ್ಳಿ."

ಮಗಳ ಕೈ ಬಿಡಿಸಬೇಕಾಗಿದ್ದ ಅಪ್ಪ, ಆಕೆ ಮಾಸ್ಕ್ ಏರಿಸಿಕೊಳ್ಳಲೆಂದು ತಾನೂ ಕಾಯುತ್ತ ನಿಂತ.