ಸಾತವ್ವನ ಮೂಗು

“ಇವತ್ತ ನಾ ಏನೂ ಹೇಳಾಂಗಿಲ್ಲ. ಮೂಗ ಕಟ್ಟೈತಿ,” ಎಂದು ಸಾತವ್ವ ಸೆರಗಿನಿಂದ ಮೂಗು ಒರೆಸಿಕೊಂಡಾಗ ಯಂಕಪ್ಪ ರಸ್ತೆಯತ್ತ ನೋಡಿದ. ಮಾಲಿನ್ಯ ತಪಾಸಣೆಯ ಜೀಪು ಆಗಲೇ ಪಕ್ಕದೂರು ಝಳಕಿ ದಾಟಿತ್ತು. ‘ಈಗ ವಾಸನೆ ಇಲ್ಲ’ ಎಂದು ಸಾತವ್ವ ಹೇಳಿದರೆ ಆಕೆ ಕೊಟ್ಟ ದೂರು ಅಲ್ಲಿಗೆ ಮುಗಿಯುತ್ತದೆ; ಇಲ್ಲದಿದ್ದರೆ ಟ್ರೇಲರುಗಳಿಗೆ ಬಣ್ಣ ಹೊಡೆಯುವ ಅವನ ಶೆಡ್ಡಿಗೆ ಬೀಗ.

ದೂರಿನಲ್ಲಿ ಸುಳ್ಳೇನೂ ಇರಲಿಲ್ಲ. ಮಗ್ಗುಲಲ್ಲೇ ಆಕೆ ದ್ರಾಕ್ಷಿ ಒಣಗಿಸುವ ಚಪ್ಪರ. ಹಣ್ಣಿಗೆಲ್ಲ ಬಣ್ಣಕ್ಕೆ ಬೆರೆಸುವ ಥಿನ್ನರಿನ ವಾಸನೆ ಹಿಡಿದಿತ್ತು. ಅದನ್ನು ತಡೆಯಲು ಕಂಪನಿಯವರು ತೋರಿಸಿದ ಯಂತ್ರದ ಬೆಲೆಯಲ್ಲಿ ಇಂಥ ಎರಡು ಶೆಡ್ಡು ಎಬ್ಬಿಸಬಹುದಿತ್ತು. ಯಂಕಪ್ಪ ಎರಡು ಡ್ರಮ್ಮು ಬೆಸೆದು, ಹದಮಾಡಿದ ತೆಂಗಿನ ಚಿಪ್ಪಿನ ಇದ್ದಿಲು ತುಂಬಿ, ಶೆಡ್ಡಿನ ಗಾಳಿಯನ್ನೆಲ್ಲ ಫ್ಯಾನಿನಿಂದ ಎಳೆದು ಅದರ ಮೂಲಕ ಹಾಯಿಸಿದ. ಥಿನ್ನರಿನ ಆವಿ ಇದ್ದಿಲಿಗೆ ಅಂಟಿಕೊಂಡು, ಬರೀ ಗಾಳಿ ಕೊಳವೆಯಿಂದ ಹೊರಬಿತ್ತು. ಇದ್ದಿಲಿನ ಹೊಟ್ಟೆ ತುಂಬಿದ್ದು ತಿಳಿಯಲು ಮಾತ್ರ ಆವಿ ಅಳೆಯುವ ಮೀಟರು ಬೇಕು. ಅದನ್ನು ಕೊಳ್ಳುವ ಬದಲು ಅವನು ದೂರು ಕೊಟ್ಟವಳನ್ನೇ ಕೊಳವೆಯ ಮುಂದೆ ಸ್ಟೂಲು ಹಾಕಿ ಕೂರಿಸಿದ. ಆಕೆ ವಾಸನೆ ಬಂತೆಂದ ದಿನ ಇದ್ದಿಲು ಬದಲಿಸುತ್ತಿದ್ದ; ಕೂಲಿ ದಿನಕ್ಕೆರಡು ಕಪ್ ಚಹಾ. ಮೂರು ತಿಂಗಳಲ್ಲಿ ಆ ಮೂಗು ಒಮ್ಮೆಯೂ ತಪ್ಪಿರಲಿಲ್ಲ.

“ನಿನ್ನಿ ವಾಸನಿ ಇರಲಿಲ್ಲಲ್ಲ ಚಿಗವ್ವ, ಅಷ್ಟ ಹೇಳು ಸಾಕು.”

“ನಿನ್ನಿದು ನಿನ್ನಿಗೆ. ಮೂಗ ಕಟ್ಟಿದಾಗ ಸಾಕ್ಷಿ ಹೇಳಿದ್ರ ಸುಳ್ಳಾಗ್ತೈತಿ.”

ಯಂಕಪ್ಪ ಓಡಿಹೋಗಿ ಮೆಣಸಿನ ಕಷಾಯ, ನೆಗಡಿ ಮುಲಾಮಿನ ಡಬ್ಬಿ ತಂದ. ಕಷಾಯ ಖಾರವೆಂದು ಸಾತವ್ವ ಪಕ್ಕಕ್ಕಿಟ್ಟಳು. ಮುಲಾಮನ್ನು ಹಣೆಗೆ, ಮೂಗಿಗೆ, ಕುತ್ತಿಗೆಗೆ, ಹೇಗೂ ಪುಕ್ಕಟೆ ಎಂದು ಎರಡೂ ಮೊಣಕಾಲಿಗೆ ಬಳಿದುಕೊಂಡು, ಡಬ್ಬಿ ಖಾಲಿ ಮಾಡಿ, ಗಂಭೀರವಾಗಿ ಸ್ಟೂಲಿನ ಮೇಲೆ ಕೂತಳು.

ಅಧಿಕಾರಿ ಪ್ರಿಯದರ್ಶಿನಿ ಬಂದವಳೇ ಒಳಗೆ ಆಳುಗಳಿಗೆ ಬಣ್ಣ ಹೊಡೆಯಲು ಹೇಳಿ, ತನ್ನ ಮೀಟರನ್ನು ಕೊಳವೆಗೆ ಹಿಡಿದಳು. ಮೀಟರು ಕಿರ್ರೆಂದು ಕಿರುಚಿತು.

“ಏನ್ರಿ ಇದು? ಇದ್ದಿಲು ಬದಲಿಸಿ ಎಷ್ಟು ವರ್ಷ ಆತು?”

“ಮೊನ್ನೀರಿ ಮೇಡಂ! ದೇವರಾಣಿ!”

ಪ್ರಿಯದರ್ಶಿನಿ ಬೀಗ, ಅರಗು ತರಲು ಡ್ರೈವರನಿಗೆ ಕೈಮಾಡಿದಳು. ಏನಾಯಿತೆಂದು ಸಾತವ್ವ ಬಗ್ಗಿ ನೋಡಿದಳು. ಮೀಟರು ಇನ್ನೂ ಜೋರಾಗಿ ಅರಚಿತು. ಆಕೆ ಸೀನಲು ಎದ್ದು ಆಚೆ ಹೋದಳು, ಅದು ತೆಪ್ಪಗಾಯಿತು. ಪ್ರಿಯದರ್ಶಿನಿ ಹುಬ್ಬು ಗಂಟಿಕ್ಕಿ, ಹಿಂದೆಯೇ ಹೋಗಿ, ಮೀಟರನ್ನು ಸಾತವ್ವನ ಹಣೆಗೆ ಹಿಡಿದಳು. ಕಿರ್ರ್!

“ಆಯಿ, ಏನ್ ಹಚ್ಕೊಂಡೀರಿ?”

“ಮುಲಾಮ, ತಂಗಿ. ಮೊಣಕಾಲಿಗೂ ಹಚ್ಚೇನಿ, ಅಲ್ಲೂ ನೋಡ್ತಿಯೇನ?”

ಪ್ರಿಯದರ್ಶಿನಿಗೆ ನಗು ತಡೆಯಲಾಗಲಿಲ್ಲ. “ಇದಕ್ಕ ಥಿನ್ನರ್ ಯಾವ್ದು, ಮುಲಾಮ ಯಾವ್ದು ತಿಳಿಯಂಗಿಲ್ರಿ. ಎರಡೂ ಆವಿನ. ಬರ್ರಿ ಆಯಿ, ಇದ್ದಿಲನ್ನ ನಿಮ್ಮಿಂದನ ನೋಡೂಣು.”

ಬಣ್ಣ ಹೊಡೆಯುವುದನ್ನು ನಿಲ್ಲಿಸಿ, ಸಾತವ್ವನನ್ನು ಶೆಡ್ಡಿನೊಳಗೆ ಗಾಳಿ ಎಳೆಯುವ ಜಾಲರಿಯ ಮುಂದೆ ನಿಲ್ಲಿಸಿದರು. ಆಕೆಯ ಬಿಳಿ ಕೂದಲು ಜಾಲರಿಯತ್ತ ಹಾರತೊಡಗಿತು. ಹೊರಗೆ ಕೊಳವೆಯ ಬಾಯಲ್ಲಿ ಯಂಕಪ್ಪ ಬಗ್ಗಿ ಮೀಟರು ನೋಡಿದ. ಸೊನ್ನೆ. ಸಾತವ್ವ ಬಿಡದೆ ಒಂದೊಂದಾಗಿ ಮೊಣಕಾಲನ್ನೂ ಎತ್ತಿ ಹಿಡಿದಳು. ಆಗಲೂ ಸೊನ್ನೆ.

“ಇಷ್ಟ ಮುಲಾಮ ನುಂಗಿದ್ದು ಥಿನ್ನರ್ ಬಿಡ್ತೈತೇನ? ನನ್ನ ತಕರಾರ ಇಲ್ಲವಾ ತಂಗಿ, ಬರ್ಕೋ,” ಎಂದಳು ಸಾತವ್ವ.

ಪ್ರಿಯದರ್ಶಿನಿ ವರದಿ ಬರೆದು ಓದಿ ಹೇಳಿದಳು: “ದೂರುದಾರರನ್ನು ಸ್ಥಳದಲ್ಲಿಯೇ ಯಂತ್ರಕ್ಕೆ ಒಡ್ಡಿ ಪರೀಕ್ಷಿಸಲಾಯಿತು. ಇನ್ನೊಂದು ತುದಿಯಲ್ಲಿ ಅವರ ಕುರುಹೂ ಕಂಡುಬರಲಿಲ್ಲ.”

ಅದರ ಕೆಳಗೆ ಸಾತವ್ವ ತನ್ನ ಜಿಡ್ಡು ಹೆಬ್ಬೆಟ್ಟು ಒತ್ತಿದಳು.