ಊಟದ ಜೊತೆ ಬಂದ ಬಿಲ್ಲೆ

"ಆಟದ ಮೇಜಿನ ಹತ್ರ ನಾನ್ಯಾರೋ, ನೀನ್ಯಾರೋ. ನೆನಪಿರಲಿ," ಎಂದ ಬದರಿನಾಥ, ಬಾಯಿ ಒರೆಸಿಕೊಳ್ಳುತ್ತಾ.

"ಅದೇನು ಹೊಸದಲ್ಲ ಬಿಡಿ," ಎಂದಳು ಅವನ ಹೆಂಡತಿ ಶೋಭನಾ. ಅವನಿಗೆ ಅದು ಕೇಳಿಸಲಿಲ್ಲ.

ಮಾಲ್ಮೋದ ಆ ಕ್ಯಾಸಿನೊದಲ್ಲಿ ಊಟ ಮಾಡಿದವರಿಗೆ ತಲಾ ಒಂದು ಬಿಲ್ಲೆ ಉಚಿತ. ಅದನ್ನು ಕೊಟ್ಟು ದುಡ್ಡು ಕೇಳುವಂತಿಲ್ಲ, ಪಣಕ್ಕಿಡಲೇಬೇಕು. ಬದರಿನಾಥ ಅದಕ್ಕೂ ಉಪಾಯ ಹುಡುಕಿದ್ದ: ರೂಲೆಟ್ ಚಕ್ರದಲ್ಲಿ ಇರುವುದು ಕೆಂಪು, ಕಪ್ಪು ಮನೆಗಳು; ತಾನು ಕೆಂಪಿಗೆ, ಹೆಂಡತಿ ಕಪ್ಪಿಗೆ. ಗೋಲಿ ಎಲ್ಲಿ ಬಿದ್ದರೂ ಹೆಚ್ಚುಕಡಿಮೆ ಒಬ್ಬರು ಗೆದ್ದೇ ಗೆಲ್ಲುತ್ತಾರೆ. ಊಟದ ಖರ್ಚು ಹುಟ್ಟುತ್ತದೆ. ಗಂಡ ಹೆಂಡತಿ ಎಂದು ಗೊತ್ತಾದರೆ ಮಾತ್ರ ಹೀಗೆ ಆಡಲು ಬಿಡುವುದಿಲ್ಲ.

ಮೇಜಿನ ಆ ತುದಿಯಲ್ಲಿ ಅವನು, ಈ ತುದಿಯಲ್ಲಿ ಅವಳು. ಮದುವೆಯಾಗಿ ಸ್ವೀಡನ್ನಿಗೆ ಬಂದ ಮೇಲೆ ಮನೆಯಲ್ಲೂ ಹೀಗೇ. ಆಫೀಸಿನಿಂದ ಬಂದವನು ಲ್ಯಾಪ್‌ಟಾಪಿನ ಆಚೆ. ಮಾತೆಂದರೆ ಹಾಲು ಎಲ್ಲಿ ಅಗ್ಗ, ಇಂಡಿಯಾಗೆ ಮಾತಾಡುವ ಫೋನ್ ಕಾರ್ಡು ಎಲ್ಲಿ ಅಗ್ಗ. ಊರಿಗೆ ಹೋಗಿ ಅಲ್ಲೇ ಇದ್ದುಬಿಡಬೇಕೆಂದು ಶೋಭನಾ ಮನಸ್ಸು ಮಾಡಿಯಾಗಿತ್ತು. ಅವನಿಗಿನ್ನೂ ಹೇಳಿರಲಿಲ್ಲ.

ಅಜ್ಜಿಯ ಕಥೆಗಳಲ್ಲಿ, ರಾಜ ಮಾರುವೇಷದಲ್ಲಿ ಹೊರಟ ದಿನವೇ ರಾಣಿ ಅವನ ಕಣ್ಣಿಗೆ ಬೀಳುತ್ತಿದ್ದಳು. ಶೋಭನಾ ತಲೆಯೆತ್ತಿದಳು. ಬದರಿನಾಥ ಅವಳನ್ನೇ ಕದ್ದು ನೋಡುತ್ತಿದ್ದ, ಹೆಣ್ಣು ನೋಡಲು ಬಂದಾಗ ಕಾಫಿ ಲೋಟದ ಮೇಲಿಂದ ನೋಡಿದ್ದನಲ್ಲ, ಹಾಗೆ.

ಚಕ್ರದಲ್ಲಿ ಗೋಲಿ ಉರುಳತೊಡಗಿತು. ಶೋಭನಾ ಕೈ ಚಾಚಿ ತನ್ನ ಬಿಲ್ಲೆಯನ್ನು ಕೆಂಪಿನ ಮೇಲೆ, ಅವನ ಬಿಲ್ಲೆಗೆ ತಾಗಿಸಿ ಇಟ್ಟಳು.

"ಏ, ಕಪ್ಪು... ಕಪ್ಪು ಕಣೇ," ಎಂದುಬಿಟ್ಟ ಬದರಿನಾಥ.

"ಯಾರ್ರೀ ನೀವು, ನಂಗೆ ಹೇಳಕ್ಕೆ?"

ಗೋಲಿ ಕಪ್ಪಿಗೇ ಬಿತ್ತು. ಆಟ ನಡೆಸುವ ಹುಡುಗಿ ಎರಡೂ ಬಿಲ್ಲೆಗಳನ್ನು ಒಟ್ಟಿಗೇ ಬಳಿದುಕೊಂಡಳು.

ಅವನು ಮೇಜು ಸುತ್ತಿಕೊಂಡು ಬಂದ. ಇನ್ನು ಲೆಕ್ಕ ಶುರುವಾಗುತ್ತದೆ ಎಂದು ಅವಳು ಕಾದಳು. ಅವನು ತಲೆ ಕೆರೆದುಕೊಂಡ, ಯಾಕೋ ನಗು ಬಂತು.

"ನೀವು... ಯಾವೂರಿನವರು?"

"ತಿಪಟೂರು. ವಾಪಸ್ ಹೋಗ್ಬಿಡೋಣ ಅಂತಿದ್ದೀನಿ."

ಅವನ ನಗು ನಿಂತಿತು. ಗೋಡೆ ಪಕ್ಕದ ಕಾಫಿ ಯಂತ್ರವನ್ನು ನೋಡಿದ, ಅವಳನ್ನು ನೋಡಿದ.

"ಇಲ್ಲಿ ಕಾಫಿ ಫ್ರೀ," ಎಂದ ಮೆಲ್ಲಗೆ. "ಬೇಡ. ಹೊರಗಡೆ ಹೋಗಿ ದುಡ್ಡು ಕೊಟ್ಟೇ ಕುಡಿಯೋಣ. ಬರ್ತೀರಾ?"

"ಮೊದಲು ನಿಮ್ಮ ಹೆಸರು ಹೇಳಿ," ಎಂದಳು ಶೋಭನಾ.