ಸ್ಟ್ರಾಡರ್ ಗುಡ್ಡದ ಹತ್ತನೆಯ ಗೋರಿ

ವಿಲ್ಬರ್ನ್ ಸ್ಟ್ರಾಡರ್‌ಗೆ ನಾಚಿಕೆ ಅನ್ನುವುದು ಇರಲಿಲ್ಲ. ಮುತ್ತಜ್ಜನ ಗೋರಿಕಲ್ಲಿಗೆ ಸರಪಳಿ ಬಿಗಿದು, ಹೇಸರಗತ್ತೆಗೆ ಕಟ್ಟಿ, ಹಾಡುಹಗಲೇ ಗುಡ್ಡದಿಂದ ಕೆಳಗೆ ಎಳೆಸುತ್ತಿದ್ದ. ಅದು ಒಂಬತ್ತನೆಯದು. ಮಿಕ್ಕ ಎಂಟು ಆಗಲೇ ಅವನ ಹಂದಿಗೂಡಿನ ತಳಪಾಯ ಸೇರಿದ್ದವು.

ಈ ಮುತ್ತಜ್ಜ ಜೆಫ್ತಾ ಒಂದು ಕೊಡಲಿ, ಒಂದು ಹಸುವಿನೊಂದಿಗೆ ಬೆಟ್ಟ ದಾಟಿ ಕೆಂಟಕಿಗೆ ಬಂದವನು. ಪ್ರತಿ ಮೇ ತಿಂಗಳು, ಗೋರಿಗಳಿಗೆ ಹೂವಿಡುವ ಭಾನುವಾರ, ವಿಲ್ಬರ್ನ್ ಅವನ ಸಾಹಸ ಹೇಳುತ್ತಾ ಕಣ್ಣೊರೆಸಿಕೊಳ್ಳುತ್ತಿದ್ದ. ಒರೆಸಿದ ಕೈಯಲ್ಲೇ ಕರಿದ ಕೋಳಿಯ ಇನ್ನೊಂದು ತೊಡೆ ಎತ್ತಿಕೊಳ್ಳುತ್ತಿದ್ದ.

ಈಗ ಸುಣ್ಣಕಲ್ಲಿನ ಗಣಿ ಕಂಪನಿಗೆ ಆ ನಲವತ್ತು ಎಕರೆ ಗುಡ್ಡ ಬೇಕಾಗಿತ್ತು. ಗೋರಿ ಇರುವ ನೆಲವನ್ನು ಅವರು ಮುಟ್ಟುವುದಿಲ್ಲ. ಕಾನೂನಿನಂತೆ ಗೋರಿಗಳನ್ನು ಬೇರೆಡೆಗೆ ಸಾಗಿಸಬಹುದಿತ್ತು. ಅದಕ್ಕೆ ವಂಶದವರೆಲ್ಲ ಸಹಿ ಹಾಕಬೇಕು. ಒಹಾಯೋದ ಕಾರ್ಖಾನೆಗಳಿಗೆ ಚದುರಿಹೋದ ದಾಯಾದಿಗಳು ಸಹಿ ಹಾಕಿ ಸುಮ್ಮನಿರುವುದಿಲ್ಲ, ಪಾಲು ಕೇಳುತ್ತಾರೆ. ಗೋರಿಯೇ ಇಲ್ಲದಿದ್ದರೆ ಜೆಫ್ತಾ ಇಲ್ಲ, ಜೆಫ್ತಾ ಇಲ್ಲದಿದ್ದರೆ ಪಾಲುದಾರರೂ ಇಲ್ಲ. ಅಂತರ್ಯುದ್ಧದಲ್ಲಿ ಜಿಲ್ಲಾ ಕಚೇರಿ ಸುಟ್ಟು ಹಳೆಯ ದಾಖಲೆಗಳೆಲ್ಲ ಬೂದಿಯಾಗಿದ್ದವು. ಅದು ತನ್ನ ಪುಣ್ಯ ಎಂದುಕೊಂಡ ವಿಲ್ಬರ್ನ್.

ಊರವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗಣಿಯಲ್ಲಿ ಕೆಲಸ ಸಿಗುವ ಆಸೆಗೆ ಎಲ್ಲರ ಬಾಯಿಗೂ ಬೀಗ ಬಿದ್ದಿತ್ತು.

ಉಳಿದದ್ದು ಮೂಲೆಯ ಹತ್ತನೆಯ ಗೋರಿ, ಏಸಾ ಗೂಚ್‌ನದು. ಅವನು ಜೆಫ್ತಾನ ಆಳು ಎಂದು ಸ್ಟ್ರಾಡರ್ ಮನೆಯವರು ಹೇಳುತ್ತಿದ್ದರು. ಗೂಚ್ ಮನೆಯವರು ಏನು ಹೇಳುತ್ತಾರೆಂದು ಯಾರೂ ಕೇಳಿರಲಿಲ್ಲ. ಏಸಾನ ಮರಿಮಗಳು ಐಡೆಲ್ಲಾ ಪೇಟೆಯಲ್ಲಿ ಊರವರ ಬಟ್ಟೆ ಒಗೆದು ಬದುಕುವ ವಿಧವೆ. ವಾರವಾರ ಬಂದು ಆ ಗೋರಿಯನ್ನು ಗುಡಿಸಿ ಹೋಗುತ್ತಿದ್ದಳು. ಹಾಗಾಗಿ ಅದನ್ನು ಕದಿಯುವಂತಿರಲಿಲ್ಲ.

ವಿಲ್ಬರ್ನ್ ಟೋಪಿ ಕೈಯಲ್ಲಿ ಹಿಡಿದು ಅವಳ ಬಾಗಿಲಿಗೆ ಹೋದ.

“ಐಡೆಲ್ಲಕ್ಕ, ನಿಮ್ಮಜ್ಜ ಆ ಗುಡ್ಡದ ಮೇಲೆ ಒಬ್ನೇ ಯಾಕೆ ಬಿದ್ದಿರ್ಬೇಕು? ಚರ್ಚ್ ಪಕ್ಕ ಒಳ್ಳೇ ಜಾಗ ಕೊಡಿಸ್ತೀನಿ. ಪೆಟ್ಟಿಗೆ ಖರ್ಚು ನಂದು.”

ಅವಳು ಇಸ್ತ್ರಿ ನಿಲ್ಲಿಸಿದಳು. ಬೋಳಾದ ಗುಡ್ಡವನ್ನು ಹಿಂದಿನ ವಾರವೇ ನೋಡಿ ಬಂದಿದ್ದಳು.

“ಒಬ್ನೇನಾ? ನಿಮ್ಮೋರು?”

“ನಮ್ಮೋರು ಅಲ್ಲಿ ಯಾವತ್ತೂ ಇರ್ಲಿಲ್ಲ.”

“ಜಡ್ಜ್ ಮುಂದೇನೂ ಹಿಂಗೇ ಅಂತೀಯಾ?”

“ಬೈಬಲ್ ಮುಟ್ಟಿ ಅಂತೀನಿ.”

ಹಾಗಾದರೆ ಆಗಲಿ ಎಂದಳು. ಆದರೆ ಕಳ್ಳರ ಹಾಗೆ ಅಗೆಯುವುದು ಬೇಡ. ಕೋರ್ಟಿನ ಆದೇಶ ಆಗಬೇಕು, ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು, ಪಾದ್ರಿ ನಿಂತು ಪ್ರಾರ್ಥನೆ ಹೇಳಬೇಕು. ವಿಲ್ಬರ್ನ್ ನಗು ನುಂಗಿಕೊಂಡು ಒಪ್ಪಿದ. ನುಂಗಿದ್ದನ್ನು ಅಂಗಡಿಯ ಜಗಲಿಯಲ್ಲಿ ಕಕ್ಕಿದ.

“ಆಳಿನ ಮೂಳೆಗೆ ಅರಸನ ಮೆರವಣಿಗೆ ಬೇಕಂತೆ, ಬಟ್ಟೆ ಒಗೆಯೋಳಿಗೆ.”

ಜಗಲಿಯೆಲ್ಲ ನಕ್ಕಿತು.

ಕೋರ್ಟಿನಲ್ಲಿ ಜಡ್ಜ್ ಕೇಳಿದ್ದಕ್ಕಿಂತ ಅವನು ಹೆಚ್ಚೇ ಹೇಳಿದ. ಗುಡ್ಡದ ಮೇಲೆ ಇರುವುದು ಒಂದೇ ಗೋರಿ, ಅದು ಏಸಾ ಗೂಚ್‌ನದು, ಸ್ಟ್ರಾಡರ್ ಮನೆತನದ ಒಂದು ಹೆಣವನ್ನೂ ಅಲ್ಲಿ ಹೂತಿಲ್ಲ. ಜಡ್ಜ್ ಇನ್ನೊಮ್ಮೆ ಕೇಳಿದರು. ಇನ್ನಷ್ಟು ಗಟ್ಟಿಯಾಗಿ ಅದನ್ನೇ ಹೇಳಿದ. ಐಡೆಲ್ಲಾ ತಲೆ ತಗ್ಗಿಸಿ ಕೂತಿದ್ದಳು. ಪಾಪ, ಅಜ್ಜನಿಗಾಗಿ ಅಳುತ್ತಿದ್ದಾಳೆಂದು ಅವನು ತಿಳಿದ.

ಏಪ್ರಿಲ್‌ನಲ್ಲಿ ಗೋರಿ ತೆಗೆದರು. ಸಿಕ್ಕಿದ್ದು ಒಂದಿಷ್ಟು ಕಪ್ಪು ಮಣ್ಣು, ಅಂಗಿಯ ಮೂಳೆಗುಂಡಿಗಳು. ಅಷ್ಟನ್ನೇ ಪೆಟ್ಟಿಗೆಗೆ ತುಂಬಿ ಚರ್ಚ್ ಪಕ್ಕ ಹೂತರು.

ಜೂನ್‌ನಲ್ಲಿ ಕಂಪನಿಯ ವಕೀಲ ಬಂದ. ವಿಲ್ಬರ್ನ್ ಭಾನುವಾರದ ಕೋಟು ತೊಟ್ಟು ಕಚೇರಿಗೆ ಹೋದರೆ, ಐಡೆಲ್ಲಾ ಆಗಲೇ ಅಲ್ಲಿ ಕೂತಿದ್ದಳು. ಅಜ್ಜನಿಗೆ ಚರ್ಚ್ ಪಕ್ಕ ಜಾಗ ಕೊಡಿಸಿದ್ದಕ್ಕೆ ಕೃತಜ್ಞತೆ ಹೇಳಲು ಬಂದಿರಬೇಕು ಎಂದುಕೊಂಡು ಲೇಖನಿಗೆ ಕೈ ಚಾಚಿದ.

“ನೀವು ಆಮೇಲೆ. ಸಾಕ್ಷಿ ಜಾಗದಲ್ಲಿ,” ಎಂದ ವಕೀಲ, ಕ್ರಯಪತ್ರವನ್ನು ಅವಳ ಕಡೆ ಸರಿಸಿದ.

“ಸ್ಟ್ರಾಡರ್ ಗುಡ್ಡ ಅಂತ ಊರೇ ಕರೆಯುತ್ತಲ್ರೀ!”

ವಕೀಲ ಬೇಸರದಿಂದ ವಿವರಿಸಿದ. ಪತ್ರಗಳು ಸುಟ್ಟುಹೋದ ಜಿಲ್ಲೆ ಇದು. ಯಾರ ಹಿರಿಯರನ್ನು ಮೊದಲು ಹೂತಿದ್ದಾರೋ ಅವರದೇ ನೆಲ ಎಂದು ಯುದ್ಧದಿಂದೀಚೆಗೆ ಇಲ್ಲಿನ ಕೋರ್ಟು ತೀರ್ಮಾನಿಸುತ್ತಾ ಬಂದಿದೆ. ಗುಡ್ಡದಲ್ಲಿ ಹೂತಿದ್ದದ್ದು ಗೂಚ್ ಒಬ್ಬನನ್ನೇ. ಹಾಗೆಂದು ಕೋರ್ಟಿನಲ್ಲಿ ಎರಡು ಸಲ ಪ್ರಮಾಣ ಮಾಡಿದವರು ಮಿಸ್ಟರ್ ಸ್ಟ್ರಾಡರ್. ಈಗ ಮಾತು ತಿರುಗಿಸಿದರೆ ಗುಡ್ಡವಲ್ಲ, ಜೈಲು.

ಒಂಬತ್ತು ಜನ ಇನ್ನೂ ಆ ಮಣ್ಣಿನಡಿ ಇದ್ದಾರೆಂದು ಐಡೆಲ್ಲಾಗೂ ಗೊತ್ತಿತ್ತು. ಲೇಖನಿ ಎತ್ತಿಕೊಂಡಳು.

“ನಿಮ್ಮೋರು ಯಾರಾದ್ರೂ ಅಲ್ಲಿದ್ದಿದ್ರೆ ನಿಂಗೂ ಪಾಲು ಕೊಡ್ತಿದ್ದೆ, ವಿಲ್ಬರ್ನ್,” ಎಂದು ಸಹಿ ಹಾಕಿದಳು.

ವಿಲ್ಬರ್ನ್ ಕಳೆದುಕೊಂಡದ್ದು ಒಂಬತ್ತು ಗೋರಿ, ನಲವತ್ತು ಎಕರೆ.